ಹಗಲಿನ ನಿದ್ದೆ ಅರ್ಧ ಗಂಟೆಗೇ ಮುಗಿಯುವ ಮಕ್ಕಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆ ಬಾಳಂತಿ ಇರುವ ಮನೆಗೆ ಹೋದರೆ ಮಾತು ಬೇಗ ಮಗುವಿನ ನಿದ್ದೆಗೆ ಬಂದು ನಿಲ್ಲುತ್ತದೆ. ರಾತ್ರಿಗಿಂತ ಹಗಲಿನ ನಿದ್ದೆಯ ಬಗ್ಗೆಯೇ ದೂರು ಜಾಸ್ತಿ. ಮಗು ಮಲಗಿದಾಗ ತಾನೇ ಅಮ್ಮನಿಗೆ ಊಟ, ಸ್ನಾನ, ಸ್ವಲ್ಪ ಬೆನ್ನು ಚಾಚುವುದು ಎಲ್ಲ? ಅಂಥ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳು ದಿನ ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಕ್ಕಳಿಗೆ. ಮೊದಲೇ ಹುಟ್ಟಿದ ಮಗುವಾದರೆ ಕೆಳಗಿನ ತಿಂಗಳುಗಳನ್ನು ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ಡಾಕ್ಟರು ಕೊಟ್ಟಿದ್ದ ತಾರೀಕಿನಿಂದ ಲೆಕ್ಕ ಹಾಕಿ.

ನಾಲ್ಕು ತಿಂಗಳಾಯಿತು. ಮಲಗಿಸಿದರೆ ಅರ್ಧ ಗಂಟೆಗೇ ಕಣ್ಣು ಬಿಡುತ್ತದೆ. ಎಂತಾದರೂ ತೊಂದರೆ ಉಂಟಾ?

ಹೆಚ್ಚಾಗಿ ಇಲ್ಲ. ಎಲ್ಲರ ನಿದ್ದೆಯೂ ಸುತ್ತು ಸುತ್ತಾಗಿ ಬರುತ್ತದೆ. ದೊಡ್ಡವರಿಗೆ ಒಂದು ಸುತ್ತು ಸುಮಾರು 90 ನಿಮಿಷ, ಶಿಶುವಿಗೆ 40ರಿಂದ 50 ನಿಮಿಷ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವೆ ನಿದ್ದೆ ತೆಳ್ಳಗಾಗುತ್ತದೆ. ಕುಂಬಳೆಯಿಂದ ಮುಳ್ಳೇರಿಯಕ್ಕೆ ಬಸ್ಸಿನಲ್ಲಿ ತೂಕಡಿಸುತ್ತಾ ಹೋಗುವವರು ಪ್ರತಿ ಸ್ಟಾಪಿನಲ್ಲೂ ಅರೆಗಣ್ಣು ಬಿಟ್ಟು, ಇಳಿಯುವ ಜಾಗ ಇದಲ್ಲ ಅಂತ ಗೊತ್ತಾಗಿ ಮತ್ತೆ ಕಣ್ಣು ಮುಚ್ಚುತ್ತಾರಲ್ಲ, ಹಾಗೆ. ಸಣ್ಣ ಮಕ್ಕಳಿಗೆ ಆ ಎರಡನೇ ಸಲ ಕಣ್ಣು ಮುಚ್ಚುವುದು ಇನ್ನೂ ರೂಢಿಯಾಗಿರುವುದಿಲ್ಲ. ರಾತ್ರಿ ನಿದ್ದೆಯ ಸೆಳೆತ ಜಾಸ್ತಿ ಇರುವುದರಿಂದ ಹೇಗೋ ಮುಂದಿನ ಸುತ್ತಿಗೆ ಜಾರುತ್ತವೆ. ಹಗಲಿನಲ್ಲಿ ಅಷ್ಟು ಸೆಳೆತ ಇಲ್ಲ, ಎದ್ದುಬಿಡುತ್ತವೆ.

ಐದಾರು ತಿಂಗಳವರೆಗೆ ಇದು ಮಾಮೂಲು. ಆಮೇಲೆ ಬಹಳಷ್ಟು ಮಕ್ಕಳಲ್ಲಿ ಬೆಳಗಿನ ನಿದ್ದೆ ತಾನಾಗಿ ಉದ್ದವಾಗುತ್ತದೆ, ಮಧ್ಯಾಹ್ನದ್ದು ಅದರ ಹಿಂದೆ ಬರುತ್ತದೆ. ಹಾಗಾಗಿ ನಾಲ್ಕು ತಿಂಗಳ ಮಗುವಿನ ಅರ್ಧ ಗಂಟೆಯನ್ನು ಎರಡು ಗಂಟೆ ಮಾಡಿಯೇ ತೀರುತ್ತೇವೆ ಅಂತ ಮನೆಯವರೆಲ್ಲ ಹೊರಡುವುದು ನನಗೆ ಸರಿ ಕಾಣುವುದಿಲ್ಲ. ಎದ್ದ ಮುಖ ನೋಡಿ. ನಗುತ್ತಾ ಎದ್ದರೆ ಆ ನಿದ್ದೆ ಸಾಕಾಗಿದೆ. ಅಳುತ್ತಾ, ಕಣ್ಣುಜ್ಜುತ್ತಾ ಎದ್ದರೆ ಇನ್ನೂ ಬೇಕಿತ್ತು. ಮುಂದೆ ಹೇಳುವುದೆಲ್ಲ ಈ ಎರಡನೇ ಬಗೆಯ ಮಕ್ಕಳಿಗೆ.

ಯಾವ ಪ್ರಾಯಕ್ಕೆ ಎಷ್ಟು ನಿದ್ದೆ ಬೇಕು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. ಮೂರು ತಿಂಗಳವರೆಗೆ ದಿನಕ್ಕೆ 14ರಿಂದ 17 ಗಂಟೆ, 4ರಿಂದ 11 ತಿಂಗಳಿಗೆ 12ರಿಂದ 16 ಗಂಟೆ, ಒಂದರಿಂದ ಎರಡು ವರ್ಷಕ್ಕೆ 11ರಿಂದ 14 ಗಂಟೆ. ಇದು ಹಗಲು ರಾತ್ರಿ ಎರಡೂ ಸೇರಿ. ಹಗಲಿಗೆ ಇಷ್ಟೇ ಅಂತ ಬೇರೆ ಲೆಕ್ಕ ಇಲ್ಲ. ರಾತ್ರಿ 11 ಗಂಟೆ ಗಟ್ಟಿ ನಿದ್ದೆ ಮಾಡುವ ಮಗು ಹಗಲು ಎರಡೂವರೆ ಗಂಟೆ ಮಾತ್ರ ಮಲಗಿದರೆ ಅದಕ್ಕೆ ಅಷ್ಟೇ ಬೇಕಾದದ್ದು. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ನೋಡಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಯಾವಾಗ ಮಲಗಿಸಬೇಕು ಅಂತ ಗೊತ್ತಾಗುವುದು ಹೇಗೆ?

ಒಂದೇ ವಿಷಯ ಬದಲಾಯಿಸಲು ನಿಮಗೆ ಶಕ್ತಿ ಇದೆ ಅಂತಾದರೆ ಇದನ್ನೇ ಬದಲಾಯಿಸಿ. ಸಣ್ಣ ನಿದ್ದೆಗೆ ತುಂಬಾ ಸಲ ಕಾರಣ ಮಲಗಿಸಿದ ಹೊತ್ತು. ನಿದ್ದೆ ಬರುವ ಮೊದಲೇ ಮಲಗಿಸಿದರೆ ಸೆಳೆತ ಸಾಲುವುದಿಲ್ಲ, ಒಂದು ಸುತ್ತಿಗೇ ಮುಗಿಯುತ್ತದೆ. ತೀರಾ ತಡವಾದರೆ ಮಗು ಬಳಲಿ ರಚ್ಚೆ ಹಿಡಿಯುತ್ತದೆ, ನಿದ್ದೆಗೆ ಜಾರುವುದೂ ಕಷ್ಟ, ಜಾರಿದರೂ ಬೇಗ ಬೆಚ್ಚಿ ಏಳುತ್ತದೆ.

ಗಡಿಯಾರಕ್ಕಿಂತ, ಮಗು ಎದ್ದು ಎಷ್ಟು ಹೊತ್ತಾಯಿತು ಅಂತ ನೋಡುವುದು ಉಪಯೋಗಕ್ಕೆ ಬರುತ್ತದೆ. ಮೊದಲ ಎರಡು ತಿಂಗಳು ಮಕ್ಕಳು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಷ್ಟೇ ಎಚ್ಚರ ಇರುತ್ತವೆ, ಹಾಲು ಕುಡಿಯುವ ಹೊತ್ತೂ ಸೇರಿ. ಮೂರ್ನಾಲ್ಕು ತಿಂಗಳಿಗೆ ಒಂದೂಕಾಲರಿಂದ ಎರಡು ಗಂಟೆ. ಆರು ತಿಂಗಳ ಹೊತ್ತಿಗೆ ಎರಡರಿಂದ ಮೂರು. ಒಂಬತ್ತು ತಿಂಗಳಿಗೆ ಎರಡೂವರೆಯಿಂದ ಮೂರೂವರೆ. ವರ್ಷ ತುಂಬುವಾಗ ಮೂರರಿಂದ ನಾಲ್ಕು. ಇದು ಮಕ್ಕಳನ್ನು ನೋಡಿ ನೋಡಿ ಬಂದ ಅಂದಾಜು, ಕಾನೂನಲ್ಲ. ನಿಮ್ಮ ಮಗುವಿನದ್ದು ಅರ್ಧ ಗಂಟೆ ಆಚೆ ಈಚೆ ಇರಬಹುದು. ಬೆಳಗಿನ ಎಚ್ಚರ ಚಿಕ್ಕದು, ಸಂಜೆಯದ್ದು ಉದ್ದ.

ಈ ಅಂದಾಜಿನ ಜೊತೆ ಮಗುವಿನ ಲಕ್ಷಣವನ್ನೂ ನೋಡಿ. ಆಡುತ್ತಿದ್ದದ್ದು ಸುಮ್ಮನಾಗುತ್ತದೆ, ನೋಟ ಎಲ್ಲೋ ನೆಡುತ್ತದೆ, ಹುಬ್ಬಿನ ಹತ್ತಿರ ಕೆಂಪಾಗುತ್ತದೆ, ಕಿವಿ ಎಳೆದುಕೊಳ್ಳುತ್ತದೆ. ಆಗಲೇ ಎತ್ತಿಕೊಂಡು ಹೋಗಬೇಕು. ಜೋರಾಗಿ ಅಳಲು ಶುರು ಮಾಡಿದ ಮೇಲೆ ಹೊರಟರೆ ತಡವಾಯಿತು ಅಂತಲೇ. ನಮ್ಮ ಕಡೆ ಇದು ತಪ್ಪುವುದಕ್ಕೆ ಒಂದು ಕಾರಣ ಇದೆ. ಮಗು ನೋಡಲು ಬಂದವರು ಚಾವಡಿಯಲ್ಲಿ ಕೂತಿರುತ್ತಾರೆ, ಮಗು ಕೈಯಿಂದ ಕೈಗೆ ಹೋಗುತ್ತದೆ, ಯಾರಿಗೂ ಬೇಜಾರಾಗಬಾರದು ಅಂತ ಅಮ್ಮ ಸುಮ್ಮನಿರುತ್ತಾಳೆ. "ಮಗುವಿಗೆ ನಿದ್ದೆ ಹೊತ್ತಾಯ್ತು ಅತ್ತೆ, ಮಲಗಿಸಿ ಬರ್ತೇನೆ" ಅಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೂ ಪರವಾಗಿಲ್ಲ.

ತೊಟ್ಟಿಲು ತೂಗುವವರೆಗೆ ನಿದ್ದೆ, ನಿಲ್ಲಿಸಿದ ಕೂಡಲೇ ಎಚ್ಚರ. ಮಾಡುವುದೆಂತ?

ತೂಗುವುದು ತಪ್ಪಲ್ಲ. ಮೂರು ತಿಂಗಳೊಳಗಿನ ಮಗುವನ್ನು ಹೇಗೆ ಮಲಗಿಸಿದರೂ ಯಾವ ಅಭ್ಯಾಸವೂ ಕೆಡುವುದಿಲ್ಲ, ಎದೆಗವಚಿ ಮಲಗಿಸಿ, ತೂಗಿ, ಹಾಡಿ. ದೊಡ್ಡದಾಗುತ್ತಾ ಬಂದಂತೆ ಒಂದು ತೊಡಕು ಕಾಣುತ್ತದೆ. ತೂಗುತ್ತಿರುವಾಗ ನಿದ್ದೆ ಹೋದ ಮಗು ನಲ್ವತ್ತನೇ ನಿಮಿಷಕ್ಕೆ ಅರೆ ಎಚ್ಚರವಾದಾಗ, ತೊಟ್ಟಿಲು ನಿಂತಿರುತ್ತದೆ. ಮಲಗುವಾಗ ಇದ್ದ ಹಾಗೆ ಈಗಿಲ್ಲ ಅಂತ ಗೊತ್ತಾಗಿ ಪೂರ್ತಿ ಎದ್ದುಬಿಡುತ್ತದೆ.

ಹಾಗಾಗಿ ಐದು ತಿಂಗಳ ಮೇಲೆ ಮೆಲ್ಲನೆ ಕಡಿಮೆ ಮಾಡಬಹುದು. ಎಲ್ಲ ನಿದ್ದೆಗೂ ಒಟ್ಟಿಗೆ ಬೇಡ, ಬೆಳಗಿನ ಮೊದಲ ನಿದ್ದೆಗೆ ಮಾತ್ರ. ರಾತ್ರಿಯ ನಂತರದ ಆ ನಿದ್ದೆ ಎಲ್ಲಕ್ಕಿಂತ ಸುಲಭವಾಗಿ ಬರುತ್ತದೆ. ಪೂರ್ತಿ ನಿದ್ದೆ ಹೋಗುವವರೆಗೆ ತೂಗುವ ಬದಲು ಕಣ್ಣು ಮಂಪರಾದಾಗ ನಿಲ್ಲಿಸಿ, ಎದೆಯ ಮೇಲೆ ಕೈ ಇಟ್ಟು ಮೆಲ್ಲಗೆ ತಟ್ಟಿ. ಅತ್ತರೆ ಮತ್ತೆ ಸ್ವಲ್ಪ ತೂಗಿ. ಕೆಲವು ದಿನ ಆದ ಮೇಲೆ ಇನ್ನೂ ಸ್ವಲ್ಪ ಮೊದಲು ನಿಲ್ಲಿಸಿ. ಒಂದು ವಾರದಲ್ಲಿ ಏನೂ ಕಾಣದಿದ್ದರೆ ಬಿಟ್ಟು, ಮೂರ್ನಾಲ್ಕು ವಾರ ಕಳೆದು ನೋಡಿ. ಅಷ್ಟರಲ್ಲಿ ಮಗುವೇ ಬೆಳೆದಿರುತ್ತದೆ.

ಅತ್ತರೂ ಬಿಟ್ಟು ಹೊರಗೆ ಹೋಗಿ ಅಂತ ಹೇಳುವ ಕ್ರಮವೂ ಇದೆ. ಕೂಡುಕುಟುಂಬದಲ್ಲಿ ಅದು ನಡೆಯುವ ಮಾತಲ್ಲ. ಮೊದಲ ಎರಡು ನಿಮಿಷಕ್ಕೇ ಅಜ್ಜ ಬಂದು ಎತ್ತಿಕೊಂಡಿರುತ್ತಾರೆ!

ಹಾಲು ಕುಡಿಯುತ್ತಾ ಮಾತ್ರ ನಿದ್ದೆ ಬರುತ್ತದೆ. ಬಿಡಿಸಬೇಕಾ?

ನಿಮಗೆ ಕಷ್ಟವಾಗದಿದ್ದರೆ ಬಿಡಿಸಬೇಕಾಗಿಲ್ಲ. ಎದೆಹಾಲು ಕುಡಿಯುತ್ತಾ ನಿದ್ದೆ ಹೋಗುವುದು ಮಕ್ಕಳ ಸಹಜ ಗುಣ. ಕಷ್ಟ ಆಗುತ್ತಿದ್ದರೆ ಮೇಲೆ ಹೇಳಿದ ಉಪಾಯವೇ, ತೂಗುವ ಜಾಗದಲ್ಲಿ ಹಾಲು ಅಂತ ಓದಿಕೊಳ್ಳಿ. ಇನ್ನೊಂದು ದಾರಿ ಎದ್ದ ಕೂಡಲೇ ಹಾಲು ಕೊಡುವುದು. ಆಗ ಹಾಲು ಮತ್ತು ನಿದ್ದೆ ದೂರ ದೂರ ಆಗುತ್ತವೆ, ಹೊಟ್ಟೆ ಹಸಿದು ಏಳುವುದೂ ತಪ್ಪುತ್ತದೆ.

ಸ್ಪ್ರಿಂಗ್ ಹಾಕಿದ ಬಟ್ಟೆ ತೊಟ್ಟಿಲಿನಲ್ಲಿ ಎರಡು ಗಂಟೆ ಮಲಗುತ್ತದೆ. ಚಾಪೆಯಲ್ಲಿ ಇಪ್ಪತ್ತು ನಿಮಿಷ. ತೊಟ್ಟಿಲೇ ಒಳ್ಳೆಯದಲ್ವಾ?

ಉದ್ದ ನಿದ್ದೆಗೆ ಅದು ಒಳ್ಳೆಯದು, ಉಸಿರಾಟಕ್ಕೆ ಅಲ್ಲ. ಸೀರೆ ಕಟ್ಟಿದ ಜೋಲಿ ಆಗಲಿ, ಅಂಗಡಿಯ ಸ್ಪ್ರಿಂಗ್ ತೊಟ್ಟಿಲಾಗಲಿ, ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ತಾಗುತ್ತದೆ. ಸಣ್ಣ ಮಗುವಿನ ಶ್ವಾಸನಾಳ ತುಂಬಾ ಮೆತ್ತಗೆ, ಕುತ್ತಿಗೆ ಹಾಗೆ ಬಾಗಿದರೆ ಗಾಳಿ ಹೋಗುವ ದಾರಿ ಕಿರಿದಾಗುತ್ತದೆ. ಮುಖದ ಮೇಲೆ ಬಟ್ಟೆ ಬೀಳುವ ಅಪಾಯ ಬೇರೆ. ಮಗುಚಲು ಶುರು ಮಾಡಿದ ಮೇಲಂತೂ ಬೀಳಬಹುದು, ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು.

ತಲೆತಲಾಂತರದಿಂದ ನಾವೆಲ್ಲ ಅದರಲ್ಲೇ ಮಲಗಿದ್ದಲ್ವಾ ಅಂತ ಹಿರಿಯರು ಹೇಳುತ್ತಾರೆ, ನಿಜವೇ. ಆಗ ತೊಟ್ಟಿಲಿನ ಹತ್ತಿರ ಒಬ್ಬರು ಕೂತೇ ಇರುತ್ತಿದ್ದರು. ಈಗಲೂ ಕಣ್ಣೆದುರಿಗೇ ಒಬ್ಬರು ಇರುವುದಾದರೆ ನಿದ್ದೆ ಬರಿಸಲು ಜೋಲಿ ಬಳಸಿ, ನಿದ್ದೆ ಹತ್ತಿದ ಮೇಲೆ ಸಪಾಟಾದ ಗಟ್ಟಿ ಹಾಸಿಗೆಗೆ ಅಂಗಾತ ಮಲಗಿಸಿ. ಕೆಳಗಿಡುವಾಗ ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತಲೆ ತಾಗುವ ಹಾಗೆ ಇಟ್ಟು ಒಂದು ನಿಮಿಷ ಎದೆಯ ಮೇಲಿಂದ ಕೈ ತೆಗೆಯಬೇಡಿ. ಮೋಟರ್ ಹಾಕಿ ತೂಗಲು ಬಿಟ್ಟು ತೋಟಕ್ಕೆ ಹೋಗುವುದು ಮಾತ್ರ ಬೇಡವೇ ಬೇಡ.

ನೆಲದ ಮೇಲೆ ಚಾಪೆ, ಅದರ ಮೇಲೆ ಬಿಗಿಯಾಗಿ ಹಾಸಿದ ಒಂದು ಹತ್ತಿ ಬಟ್ಟೆ, ಇಷ್ಟು ಸಾಕು. ತಲೆ ಉರುಟಾಗಲಿ ಅಂತ ಇಡುವ ಸಾಸಿವೆ ದಿಂಬು, ಅಕ್ಕಪಕ್ಕದ ಸಣ್ಣ ದಿಂಬು, ದಪ್ಪ ಹೊದಿಕೆ, ಬೊಂಬೆ ಎಲ್ಲ ವರ್ಷದವರೆಗೆ ಹೊರಗಿರಲಿ. ತಲೆಯ ಆಕಾರಕ್ಕೆ, ಎಚ್ಚರವಿದ್ದಾಗ ದಿನಕ್ಕೆ ಕೆಲವು ಸಲ ಬೋರಲು ಮಲಗಿಸಿ ಆಡಿಸುವುದೇ ಮದ್ದು. ಬಟ್ಟೆಯಲ್ಲಿ ಸುತ್ತಿ ಮಲಗಿಸುವ ಕ್ರಮ ಇದ್ದರೆ ಸೊಂಟದ ಕೆಳಗೆ ಸಡಿಲ ಬಿಡಿ, ಮಗುಚುವ ಲಕ್ಷಣ ಕಂಡ ದಿನ ಸುತ್ತುವುದನ್ನು ನಿಲ್ಲಿಸಿ.

ಎಣ್ಣೆ ಹಚ್ಚಿ ಮೀಯಿಸಿದ ದಿನ ಎರಡು ಗಂಟೆ ಮಲಗುತ್ತದೆ. ದಿನಾ ಹಾಗೇ ಆಗಲು ಎಂತ ಮಾಡುವುದು?

ಎಣ್ಣೆ ತಿಕ್ಕುವುದು, ಬಿಸಿನೀರು, ಆಮೇಲೆ ಹೊಟ್ಟೆ ತುಂಬಾ ಹಾಲು. ಇಷ್ಟು ಆದ ಮೇಲೆ ದೊಡ್ಡವರಿಗೂ ನಿದ್ದೆ ಬರುತ್ತದೆ. ಬೆಚ್ಚಗಿನ ನೀರಿನಿಂದ ಹೊರಗೆ ಬಂದ ಮೇಲೆ ಮೈ ಮೆಲ್ಲನೆ ತಣಿಯುತ್ತದೆ, ಮೈ ತಣಿಯುವಾಗ ನಿದ್ದೆ ಬರುವುದು ಸಹಜ. ಮೀಯಿಸಲು ಬರುವ ಹೆಂಗಸು ಬಂದ ಹೊತ್ತಿಗೆ ಅಲ್ಲ, ನಿಮ್ಮ ಮಗುವಿನ ಉದ್ದ ನಿದ್ದೆಗೆ ಮುಕ್ಕಾಲು ಗಂಟೆ ಮೊದಲು ಮೀಯಿಸಲು ಆಗುತ್ತದಾ ನೋಡಿ. ದಿನಾ ಹೊತ್ತು ಬದಲಾಗುತ್ತಿದ್ದರೆ ಆ ಲಾಭ ಸಿಗುವುದಿಲ್ಲ.

ಮಿಂದ ಮೇಲೆ ಹೊಗೆ ಹಿಡಿಯುವುದು ಮಾತ್ರ ಬಿಟ್ಟುಬಿಡಿ. ಸಾಂಬ್ರಾಣಿ ಆಗಲಿ, ಕೆಂಡದ ಹೊಗೆ ಆಗಲಿ, ಶಿಶುವಿನ ಶ್ವಾಸಕ್ಕೆ ಒಳ್ಳೆಯದಲ್ಲ. ಮೂಗು ಕಟ್ಟಿದರೆ ನಿದ್ದೆ ಇನ್ನೂ ಚಿಕ್ಕದಾಗುತ್ತದೆ. ಮೂಗು, ಕಿವಿಗೆ ಎಣ್ಣೆ ಬಿಡುವುದೂ ಬೇಡ.

ಕೋಣೆ ಕತ್ತಲೆ ಮಾಡಬೇಕಾ? ಸದ್ದು?

ಮೊದಲ ಎರಡು ತಿಂಗಳು ಹಗಲಿನ ಬೆಳಕಿನಲ್ಲೇ ಮಲಗಲಿ. ಹಗಲು ಯಾವುದು, ರಾತ್ರಿ ಯಾವುದು ಅಂತ ಮೈ ಕಲಿಯುವುದು ಬೆಳಕಿನಿಂದ. ಬೆಳಿಗ್ಗೆ ಎದ್ದ ಮೇಲೆ ಜಗಲಿಗೆ ಕರೆದುಕೊಂಡು ಬಂದು ಸ್ವಲ್ಪ ಹೊತ್ತು ಕೂರಿ. ಮೂರು ತಿಂಗಳ ಮೇಲೆ ಮಗುವಿಗೆ ಸುತ್ತಲಿನದ್ದೆಲ್ಲ ನೋಡುವ ಕುತೂಹಲ ಬರುತ್ತದೆ, ಆಗ ಕಿಟಕಿಗೆ ಒಂದು ದಪ್ಪ ಬಟ್ಟೆ ಕಟ್ಟಿದರೆ ತುಂಬಾ ವ್ಯತ್ಯಾಸ ಕಾಣುತ್ತದೆ.

ಸದ್ದಿನ ವಿಷಯದಲ್ಲಿ, ಪೂರ್ತಿ ಮೌನ ನಮ್ಮ ಮನೆಗಳಲ್ಲಿ ಆಗದ ಮಾತು. ಕುಕ್ಕರ್, ಮಿಕ್ಸಿ, ಅಂಗಳದಲ್ಲಿ ಅಡಕೆ ಒಣಗಿಸುವವರ ಮಾತು, ಹುಲ್ಲು ಹೊಡೆಯುವ ಮಿಶಿನ್. ಒಂದೇ ಸಮನೆ ಬರುವ ಸದ್ದು ಮಗುವನ್ನು ಎಬ್ಬಿಸುವುದಿಲ್ಲ, ಥಟ್ಟನೆ ಬರುವ ಸದ್ದು ಎಬ್ಬಿಸುತ್ತದೆ. ಫ್ಯಾನಿನ ಸದ್ದು ಒಳ್ಳೆಯ ಮರೆ. ಮಳೆಗಾಲದಲ್ಲಿ ಹಂಚಿನ ಮೇಲೆ ಬೀಳುವ ಮಳೆಗಿಂತ ಬೇರೆ ಏನೂ ಬೇಡ. ಮೊಬೈಲಿನಲ್ಲಿ ಮಳೆ ಸದ್ದು ಹಾಕುವವರು ಮೊಬೈಲನ್ನು ಮಗುವಿನಿಂದ ಎರಡು ಮೀಟರ್ ದೂರ ಇಡಿ, ಸದ್ದು ಕಡಿಮೆ ಇರಲಿ. ಇನ್ನು ಜೋಗುಳ. ಅಜ್ಜಿಯ ಹವ್ಯಕವೋ, ಮೀಯಿಸುವವಳ ತುಳುವೋ, ಪಕ್ಕದ ಮನೆಯ ಚೇಚಿಯ ಮಲಯಾಳವೋ, ಯಾವುದಾದರೂ ಆದೀತು. ದಿನಾ ಅದೇ ಹಾಡು, ಮಲಗುವ ಮೊದಲು ಮಾತ್ರ, ಅಷ್ಟೇ.

ಏಪ್ರಿಲ್ ಸೆಖೆಯಲ್ಲಿ ನಿದ್ದೆಯೇ ಇಲ್ಲ. ಕರೆಂಟೂ ಹೋಗುತ್ತದೆ.

ಮಾರ್ಚ್‌ನಿಂದ ಮೊದಲ ಮಳೆವರೆಗೆ ನಮ್ಮ ಕಡಲ ತೀರದ ಸೆಖೆಗೆ ಬೆವರು ಆರುವುದೇ ಇಲ್ಲ. ಮಗುವಿನ ಕುತ್ತಿಗೆಯ ಹಿಂದೆ ಮುಟ್ಟಿ ನೋಡಿ, ಅಲ್ಲಿ ಬೆವರಿದ್ದರೆ ಸೆಖೆ ಆಗುತ್ತಿದೆ ಅಂತ. ಕೈಕಾಲು ತಣ್ಣಗಿರುವುದನ್ನು ನೋಡಿ ಚಳಿ ಅಂತ ಟೊಪ್ಪಿ, ಕಾಲುಚೀಲ ಹಾಕಬೇಡಿ. ಒಂದು ಪದರ ತೆಳು ಹತ್ತಿ ಅಂಗಿ ಸಾಕು. ತಾರಸಿ ಮನೆಯಾದರೆ ಮಧ್ಯಾಹ್ನ ಮೇಲಿನ ಕೋಣೆ ಬೇಡ, ಕೆಳಗಿನ ನೆಲದ ಕೋಣೆ ತಂಪು. ಕರೆಂಟು ಹೋದರೆ ಎದುರು ಬದುರು ಕಿಟಕಿ ತೆರೆದು ಕೊಡೆಯಂಥ ಸೊಳ್ಳೆಪರದೆ ಇಡಿ, ಅಂಚು ಮಗುವಿನ ಮುಖಕ್ಕೆ ತಾಗದ ಹಾಗೆ. ತೋಟದ ಮಧ್ಯದ ಮನೆಗಳಲ್ಲಿ ಸೊಳ್ಳೆ ಹಗಲಿಗೂ ಬಿಡುವುದಿಲ್ಲ. ಹಾಗಂತ ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಉರಿಸಬೇಡಿ. ಅಡಕೆಗೆ ಮದ್ದು ಬಿಡುವ ದಿನ ಆ ಕಡೆಯ ಕಿಟಕಿ ಮುಚ್ಚಿ.

ಆರು ತಿಂಗಳೊಳಗೆ ಸೆಖೆ ಅಂತ ನೀರು ಕೊಡಬೇಡಿ, ಎದೆಹಾಲೇ ಇನ್ನೊಂದು ಸಲ ಕೊಡಿ.

ಬಜೆಯನ್ನು ಜೇನಿನಲ್ಲಿ ತೇದು ನೆಕ್ಕಿಸಿದರೆ ಚೆನ್ನಾಗಿ ಮಲಗುತ್ತದೆ ಅಂತಾರೆ. ಗ್ರೈಪ್ ವಾಟರ್?

ಬೇಡ. ಬಜೆಗೆ ಮಂಪರು ತರುವ ಗುಣ ಇದೆ ನಿಜ, ಅದೇ ಅದರ ಅಪಾಯ. ತೇದದ್ದರಲ್ಲಿ ಎಷ್ಟು ಹೋಯಿತು ಅಂತ ಯಾರಿಗೂ ಅಳತೆ ಇರುವುದಿಲ್ಲ. ಜೇನು ವರ್ಷ ತುಂಬುವವರೆಗೆ ಒಂದು ತೊಟ್ಟೂ ಕೂಡದು, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಶಿಶುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತದೆ. ಗ್ರೈಪ್ ವಾಟರಿನಿಂದ ನಿದ್ದೆ ಉದ್ದವಾಗುವುದಿಲ್ಲ. ಶೀತದ ಸಿರಪ್ ಕೊಟ್ಟು ಮಲಗಿಸುವುದನ್ನು ಪ್ರಯಾಣದ ಉಪಾಯ ಅಂತ ಕೆಲವರು ಗುಟ್ಟಾಗಿ ಹೇಳಿಕೊಡುತ್ತಾರೆ. ಅದು ಉಸಿರಾಟವನ್ನೇ ನಿಧಾನ ಮಾಡಬಹುದು. ಕೇಳಬೇಡಿ.

ರಾಗಿ ಮಣ್ಣಿ (ರಾಗಿ ಸರಿ) ಗಟ್ಟಿ ಕೊಟ್ಟರೆ ಜಾಸ್ತಿ ಹೊತ್ತು ಮಲಗುತ್ತದಾ?

ಆರು ತಿಂಗಳಿಗೆ ಮೊದಲು ಮಣ್ಣಿ ಕೊಟ್ಟರೆ ನಿದ್ದೆ ಉದ್ದವಾಗುವುದಿಲ್ಲ, ಹೊಟ್ಟೆ ಕೆಡಬಹುದು. ಆರು ತುಂಬಿದ ಮೇಲೆ ಅದು ಆಹಾರ, ನಿದ್ದೆಯ ಮದ್ದಲ್ಲ. ಅಂಗನವಾಡಿಯಲ್ಲಿ ಸಿಗುವ ಅಮೃತಂ ಪುಡಿಯನ್ನೂ ಕೊಡಬಹುದು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗಾಗಿ ಗೋಧಿ, ಕಡಲೆಬೇಳೆ, ನೆಲಗಡಲೆ, ಸೋಯಾ, ಸಕ್ಕರೆ ಹಾಕಿ ಕುಟುಂಬಶ್ರೀ ಮಹಿಳಾ ಸಂಘದವರು ಮಾಡುವ ಆ ಮಿಶ್ರಣದ ಸೂತ್ರ ತಯಾರಾದದ್ದು ನಮ್ಮ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯಲ್ಲೇ. ಹೊಸ ತಿಂಡಿ ಯಾವುದಾದರೂ ಬೆಳಿಗ್ಗೆ ಕೊಡಿ. ಹೊಟ್ಟೆಗೆ ಹಿಡಿಸದಿದ್ದರೆ ರಾತ್ರಿ ನಿದ್ದೆಯಾದರೂ ಉಳಿಯುತ್ತದೆ. ಊಟ ಮುಗಿದ ಅರ್ಧ ಗಂಟೆಯಾದ ಮೇಲೆ ಮಲಗಿಸಿ.

ಅರ್ಧ ಗಂಟೆಗೆ ಎದ್ದಾಗ ಮತ್ತೆ ಮಲಗಿಸಲು ಪ್ರಯತ್ನಿಸಬೇಕಾ?

ಮೊದಲು ಎರಡು ಮೂರು ನಿಮಿಷ ಹತ್ತಿರ ಹೋಗಬೇಡಿ. ಮಕ್ಕಳು ನಿದ್ದೆಯಲ್ಲೇ ಮುಲುಗುತ್ತವೆ, ಮುಖ ಕಿವುಚುತ್ತವೆ, ಕಣ್ಣೂ ಬಿಡುತ್ತವೆ. ಎಷ್ಟೋ ಸಲ ಮಗುವನ್ನು ಎಬ್ಬಿಸುವುದು ನಾವೇ, ಎದ್ದಿತು ಅಂತ ಓಡಿ ಹೋಗಿ ಎತ್ತಿ. ನಿಜವಾಗಿ ಅತ್ತರೆ ಹೋಗಿ, ದೀಪ ಹಾಕದೆ, ಮಾತಾಡಿಸದೆ ತಟ್ಟಿ. ಹತ್ತು ಹದಿನೈದು ನಿಮಿಷದಲ್ಲಿ ಆಗದಿದ್ದರೆ ಎತ್ತಿಕೊಳ್ಳಿ, ಮುಂದಿನ ನಿದ್ದೆಯನ್ನು ಸ್ವಲ್ಪ ಬೇಗ ಮಾಡಿ.

ಐದು ತಿಂಗಳ ಮೇಲೆ ಇನ್ನೊಂದು ಉಪಾಯ ಇದೆ. ದಿನಾ ಮೂವತ್ತೈದನೇ ನಿಮಿಷಕ್ಕೆ ಏಳುವ ಮಗುವಾದರೆ ಮೂವತ್ತನೇ ನಿಮಿಷಕ್ಕೇ ಹೋಗಿ ಎದೆಯ ಮೇಲೆ ಕೈ ಇಟ್ಟು ಕೂತುಬಿಡಿ. ಕದಲಿದಾಗ ಕೈಯ ಭಾರ ಸಿಕ್ಕಿ ಕೆಲವು ಮಕ್ಕಳು ಹಾಗೇ ಮುಂದುವರಿಯುತ್ತವೆ. ಕೆಲವು ಕೈ ತಾಗಿದ್ದಕ್ಕೇ ಏಳುತ್ತವೆ! ನಿಮ್ಮದು ಯಾವುದು ಅಂತ ಮೂರ್ನಾಲ್ಕು ದಿನದಲ್ಲಿ ಗೊತ್ತಾಗುತ್ತದೆ.

ಹಗಲು ಜಾಸ್ತಿ ಮಲಗಿದರೆ ರಾತ್ರಿ ಜಾಗರಣೆ ಅಲ್ವಾ?

ಸಂಜೆ ಐದರ ನಂತರದ ನಿದ್ದೆ ರಾತ್ರಿಯನ್ನು ಹಾಳು ಮಾಡಬಹುದು. ಬೆಳಗಿನದ್ದು, ಮಧ್ಯಾಹ್ನದ್ದು ಹಾಗಲ್ಲ. ರಾತ್ರಿ ಚೆನ್ನಾಗಿ ಮಲಗಲಿ ಅಂತ ಹಗಲು ಎಬ್ಬಿಸಿ ಇಟ್ಟರೆ ಶಿಶುಗಳಲ್ಲಿ ಹೆಚ್ಚಾಗಿ ಉಲ್ಟಾ ಆಗುತ್ತದೆ.

ಹೆರಿಗೆ ರಜೆ ಮುಗಿಯಿತು. ಇನ್ನು ಅಜ್ಜಿ ನೋಡಿಕೊಳ್ಳುವುದು. ಅವರದ್ದೇ ಕ್ರಮ ಬೇರೆ.

26 ವಾರದ ರಜೆ ಮುಗಿಯುವುದೂ, ಮಗುವಿನ ನಿದ್ದೆ ಒಂದು ಹದಕ್ಕೆ ಬರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಅಜ್ಜಿಯ ಕೈಯಲ್ಲಿ ಮಗು ಬೇರೆ ರೀತಿ ಮಲಗಿದರೆ ಮಗುವಿಗೇನೂ ಗಲಿಬಿಲಿ ಆಗುವುದಿಲ್ಲ. ಅಮ್ಮನ ಹತ್ತಿರ ಹಾಲು, ಅಜ್ಜಿಯ ಹತ್ತಿರ ಹೆಗಲು ಅಂತ ಬೇಗ ಕಲಿಯುತ್ತದೆ. ಹಾಗಾಗಿ ಎಲ್ಲದಕ್ಕೂ ವಾದ ಬೇಡ. ಎರಡು ವಿಷಯ ಮಾತ್ರ ಗಟ್ಟಿಯಾಗಿ ಹೇಳಿ. ಅಂಗಾತ, ದಿಂಬಿಲ್ಲದೆ ಮಲಗಿಸಬೇಕು ಅನ್ನುವುದು ಒಂದು. ನಿದ್ದೆ ಬರಲಿ ಅಂತ ಬಾಯಿಗೆ ಏನೂ ಹಾಕಬಾರದು ಅನ್ನುವುದು ಇನ್ನೊಂದು. ಅದನ್ನು ನೀವು ಹೇಳಿದರೆ ಜಗಳ, ಚುಚ್ಚುಮದ್ದಿಗೆ ಹೋದಾಗ ನರ್ಸಮ್ಮನ ಬಾಯಿಂದ ಅತ್ತೆಯವರ ಎದುರಿಗೇ ಹೇಳಿಸಿದರೆ ಕೆಲಸ ಆಗುತ್ತದೆ. ಅಜ್ಜಿಗೆ ವಯಸ್ಸಾಗಿದ್ದರೆ ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಅವರೂ ಕುರ್ಚಿಯಲ್ಲಿ ನಿದ್ದೆ ಹೋಗದಂತೆ ನೋಡಿಕೊಳ್ಳಿ. ಕುರ್ಚಿ, ಸೋಫಾದಲ್ಲಿ ಹಾಗೆ ನಿದ್ದೆ ಹೋಗುವುದು ತುಂಬಾ ಅಪಾಯ.

ಮದುವೆ, ಉತ್ಸವ, ಮಂಗಳೂರಿನ ಪ್ರಯಾಣ ಎಲ್ಲ ಬಂದಾಗ?

ಹೋಗಿ ಬನ್ನಿ. ಒಂದು ದಿನದಲ್ಲಿ ಏನೂ ಕೆಡುವುದಿಲ್ಲ. ಕಾರಿನ ಮಗುವಿನ ಸೀಟಿನಲ್ಲಿ ನಿದ್ದೆ ಹೋದರೆ ಇಳಿದ ಮೇಲೆ ಸಪಾಟು ಜಾಗಕ್ಕೆ ಹಾಕಿ. ಕಲ್ಯಾಣ ಮಂಟಪದ ಮೈಕಿನ ಹತ್ತಿರ, ಉತ್ಸವದ ಕದಿನದ (ಸಿಡಿಮದ್ದಿನ) ಹತ್ತಿರ ಮಾತ್ರ ಕೂರಬೇಡಿ. ಮರುದಿನ ಬೆಳಿಗ್ಗೆ ಮಾಮೂಲು ಹೊತ್ತಿಗೆ ಎಬ್ಬಿಸಿದರೆ ಮತ್ತೆ ಸರಿಯಾಗುತ್ತದೆ. ಚುಚ್ಚುಮದ್ದು ಕೊಟ್ಟ ಒಂದೆರಡು ದಿನ ನಿದ್ದೆ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು.

ಹಗಲಿನ ಎರಡು ನಿದ್ದೆ ಒಂದಾಗುವುದು ಯಾವಾಗ?

ಹೆಚ್ಚಿನ ಮಕ್ಕಳಿಗೆ 14ರಿಂದ 18 ತಿಂಗಳೊಳಗೆ. ಅದಕ್ಕೆ ಮೊದಲು, ಏಳರಿಂದ ಒಂಬತ್ತು ತಿಂಗಳ ಸುಮಾರಿಗೆ ಮೂರು ಇದ್ದದ್ದು ಎರಡಾಗಿರುತ್ತದೆ. ಬದಲಾಗುವ ವಾರಗಳಲ್ಲಿ ಮಗು ಕಿರಿಕಿರಿ ಮಾಡುತ್ತದೆ, ರಾತ್ರಿ ಅರ್ಧ ಗಂಟೆ ಬೇಗ ಮಲಗಿಸಿ.

ಡಾಕ್ಟರಿಗೆ ಯಾವಾಗ ತೋರಿಸಬೇಕು?

ನಿದ್ದೆ ಚಿಕ್ಕದು ಅನ್ನುವುದೊಂದಕ್ಕೇ ಅಲ್ಲ. ನಿದ್ದೆಯಲ್ಲಿ ದಿನಾ ಗೊರಕೆ ಹೊಡೆಯುವುದು, ಉಸಿರು ನಿಂತು ನಿಂತು ಬರುವುದು, ತೂಕ ಏರದಿರುವುದು, ಹಾಲು ಕುಡಿದ ಮೇಲೆ ಬೆನ್ನು ಸೆಟೆದು ಅಳುವುದು ಕಂಡರೆ ತೋರಿಸಿ. ತಡ ಮಾಡಬಾರದ್ದು ಬೇರೆ ಇವೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದೆ ಹಾಲು ಕುಡಿಯದಿರುವುದು. ಆಗ 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೊರಡಿ. ಸಣ್ಣ ಸಂಶಯಗಳಿಗೆ ಕೇರಳ ಸರ್ಕಾರದ ದಿಶಾ ಸಹಾಯವಾಣಿ 1056 ಹಗಲು ರಾತ್ರಿ ಇದೆ.

ಮಲಗಿದ ಮಗುವನ್ನು ಎಬ್ಬಿಸಬಹುದಾ?

ಎಬ್ಬಿಸಬಾರದು ಅಂತ ಹಿರಿಯರು ಹೇಳುವುದು ಹೆಚ್ಚಿನ ದಿನ ಸರಿ. ಆದರೆ ಹುಟ್ಟಿದ ಮೊದಲ ವಾರಗಳಲ್ಲಿ, ಹುಟ್ಟುತೂಕ ಮರಳಿ ಬರುವವರೆಗೆ ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲು ಕೊಡಲೇಬೇಕು. ಆಮೇಲೆ ಎಬ್ಬಿಸಬೇಕಾಗುವುದು ಸಂಜೆ ಐದಕ್ಕೆ.